ಬ್ಯಾರಕ್‌ಪುರದ ಬ್ರಿಗೇಡ್: ಒಂದೇ ಮೈದಾನದ ನಾಲ್ಕು ಪಟಾಲಂಗಳು

ಕಾಲಾಳು ಸೈನ್ಯದಲ್ಲಿ ಬ್ರಿಗೇಡ್ ಎಂದರೆ ಒಬ್ಬ ದಳಪತಿಯ ಆಜ್ಞೆಗೆ ಒಳಪಟ್ಟು, ಜೊತೆಯಾಗಿ ಕಾದಾಡಲು ಸಜ್ಜಾದ ಹಲವು ಪಟಾಲಂಗಳ ಕೂಟ. 1944ರ ಸೆಪ್ಟೆಂಬರಿನಲ್ಲಿ ಇಟಲಿಯ ರಿಮಿನಿ ನಗರದ ಕಾಳಗದಲ್ಲಿ ಹೆಸರು ಮಾಡಿದ ಗ್ರೀಕ್ ಸೇನೆಯ ಮೂರನೆಯ ಪರ್ವತ ಬ್ರಿಗೇಡ್ ಮೂರು ಬೆಟಾಲಿಯನ್‌ಗಳಿಂದ ಕೂಡಿತ್ತು. ಇಂದಿನ ಭಾರತೀಯ ಸೇನೆಯ ಬ್ರಿಗೇಡಿನಲ್ಲಿಯೂ ಸಾಮಾನ್ಯವಾಗಿ ಮೂರು ಬೆಟಾಲಿಯನ್‌ಗಳೇ ಇರುತ್ತವೆ. ಆದರೆ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಬ್ರಿಗೇಡ್ ಎಂಬ ಹೆಸರಿಗೆ ಇಷ್ಟು ಗಟ್ಟಿಯಾದ ಅರ್ಥವಿರಲಿಲ್ಲ. ಹೌರಾದ ಎದುರು ದಡದಲ್ಲಿ, ಕೋಲ್ಕತ್ತೆಯಿಂದ ಉತ್ತರಕ್ಕೆ ಹೂಗ್ಲಿ ನದಿಯ ಅಂಚಿನಲ್ಲಿರುವ ಬ್ಯಾರಕ್‌ಪುರದ ದಂಡು ಪ್ರದೇಶದ ಇತಿಹಾಸ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ.

1857ರ ಆರಂಭದಲ್ಲಿ ಅಲ್ಲಿ ಬಂಗಾಳ ಸೇನೆಯ 2, 34, 43 ಮತ್ತು 70ನೆಯ ದೇಶೀಯ ಕಾಲಾಳು ಪಟಾಲಂಗಳು ಬೀಡುಬಿಟ್ಟಿದ್ದವು. ಠಾಣೆಯ ಬ್ರಿಗೇಡಿಯರ್ ಚಾರ್ಲ್ಸ್ ಗ್ರಾಂಟ್. ಆತನ ಮೇಲೆ ಪ್ರೆಸಿಡೆನ್ಸಿ ಡಿವಿಷನ್ನಿನ ಮುಖ್ಯಸ್ಥ ಮೇಜರ್ ಜನರಲ್ ಜಾನ್ ಹಿಯರ್ಸೆ. ಪ್ರತಿಯೊಂದು ಪಟಾಲಮಿನಲ್ಲಿ ಹತ್ತು ಕಂಪನಿಗಳಿದ್ದು, ಪೂರ್ಣಬಲದಲ್ಲಿ ಸಿಪಾಯಿಗಳ ಸಂಖ್ಯೆ ಸುಮಾರು 1,000 ಆಗುತ್ತಿತ್ತು. ಸಿಪಾಯಿಯ ಮೇಲೆ ನಾಯಕ, ಅವನ ಮೇಲೆ ಹವಾಲ್ದಾರ, ಆಮೇಲೆ ಜಮಾದಾರ, ಅವನ ಮೇಲೆ ಸುಬೇದಾರ, ಎಲ್ಲಕ್ಕೂ ಮೇಲೆ ಸುಬೇದಾರ ಮೇಜರ್: ಇದು ಭಾರತೀಯನೊಬ್ಬ ಏರಬಹುದಾಗಿದ್ದ ಏಣಿ. ತಿಂಗಳಿಗೆ ಏಳು ರೂಪಾಯಿ ಸಂಬಳದಲ್ಲಿ ಸೇರಿದವನಿಗೆ ಬಡ್ತಿ ಸೇವಾ ಹಿರಿತನದಿಂದಲೇ ಸಿಗುತ್ತಿದ್ದುದರಿಂದ, ಸುಬೇದಾರನಾಗುವ ಹೊತ್ತಿಗೆ ಅವನ ತಲೆ ನರೆತಿರುತ್ತಿತ್ತು. ಆಗಲೂ ನಿನ್ನೆ ಮೊನ್ನೆ ಇಂಗ್ಲೆಂಡಿನಿಂದ ಬಂದಿಳಿದ ತರುಣ ಅಧಿಕಾರಿಯ ಕೈಕೆಳಗೇ ಅವನು ನಿಲ್ಲಬೇಕಾಗಿತ್ತು. ಅತ್ತ ಯೂರೋಪಿಯನ್ ಅಧಿಕಾರಿಗಳಲ್ಲಿ ಅನೇಕರು ಆಡಳಿತದ ಹುದ್ದೆಗಳಿಗೆ, ಭೂಮಾಪನಕ್ಕೆ, ರಸ್ತೆ ಕಾಮಗಾರಿಗೆ ಹೊರಟುಹೋಗಿ, ಪಟಾಲಮಿನ ಪಟ್ಟಿಯಲ್ಲಿ ಹೆಸರಾಗಿ ಮಾತ್ರ ಉಳಿಯುತ್ತಿದ್ದರು. ಸೈನಿಕನನ್ನು ಬಲ್ಲವನಿಗೆ ಅಧಿಕಾರವಿಲ್ಲ, ಅಧಿಕಾರವಿದ್ದವನಿಗೆ ಸೈನಿಕನ ಪರಿಚಯವಿಲ್ಲ ಎಂಬ ಈ ಸ್ಥಿತಿ ಆ ಸೇನೆಯ ಮೂಲದೋಷವಾಗಿತ್ತು.

ಇದರ ಮುನ್ಸೂಚನೆ 1824ರಲ್ಲಿಯೇ ಸಿಕ್ಕಿತ್ತು. ಬರ್ಮಾ ಯುದ್ಧಕ್ಕೆಂದು ಚಿತ್ತಗಾಂಗಿಗೆ ಹೊರಡಬೇಕಾದ 47ನೆಯ ಪಟಾಲಮಿನವರು ತಮ್ಮ ಸರಂಜಾಮು ಹೊರಲು ಎತ್ತುಗಳನ್ನು ಒದಗಿಸುವಂತೆ ಕೇಳಿ, ಅದು ಈಡೇರದೆ ಹೋದಾಗ ಹೊರಡಲು ಒಪ್ಪಲಿಲ್ಲ. ನವೆಂಬರ್ 2ರಂದು ಸೇನಾಧಿಪತಿ ಎಡ್ವರ್ಡ್ ಪ್ಯಾಜೆಟ್ ಬ್ಯಾರಕ್‌ಪುರದ ಕವಾಯತು ಮೈದಾನದಲ್ಲಿ ಅವರ ಮೇಲೆ ಫಿರಂಗಿ ಹಾರಿಸಿದನು. ಮುಂದಾಳು ಬಿಂದಿ ತಿವಾರಿಯನ್ನು ಗಲ್ಲಿಗೇರಿಸಿ, ಪಟಾಲಮಿನ ಸಂಖ್ಯೆಯನ್ನೇ ಸೇನೆಯ ಪಟ್ಟಿಯಿಂದ ಅಳಿಸಲಾಯಿತು. ಕೇಳಿದ್ದು ಎತ್ತು, ಸಿಕ್ಕಿದ್ದು ಗುಂಡು; ಈ ಅನ್ಯಾಯವನ್ನು ಶಿಸ್ತಿನ ಹೆಸರಿನಲ್ಲಿ ಸಮರ್ಥಿಸಲು ಸಾಧ್ಯವಿಲ್ಲ.

1857ರ ಮಾರ್ಚ್ 29ರ ಸಂಜೆ 34ನೆಯ ಪಟಾಲಮಿನ ಐದನೆಯ ಕಂಪನಿಯ ಸಿಪಾಯಿ ಮಂಗಲ್ ಪಾಂಡೆ, ಕೊಬ್ಬು ಸವರಿದ ತೋಟಾಗಳ ಸುದ್ದಿಯಿಂದ ಕುದಿಯುತ್ತಿದ್ದ ಆ ಠಾಣೆಯಲ್ಲಿ ತುಂಬಿದ ಬಂದೂಕು ಹಿಡಿದು ಕಾವಲು ಕೊಠಡಿಯ ಮುಂದೆ ನಿಂತನು. ಅಡ್ಜುಟೆಂಟ್ ಬಾ ಮತ್ತು ಸಾರ್ಜೆಂಟ್ ಮೇಜರ್ ಹ್ಯೂಸನ್ ಗಾಯಗೊಂಡರು. ಜಮಾದಾರ ಈಶ್ವರಿ ಪ್ರಸಾದನ ಕೈಕೆಳಗಿದ್ದ ಕಾವಲು ಪಡೆ ಕೆಲವೇ ಹೆಜ್ಜೆಗಳ ದೂರದಲ್ಲಿದ್ದರೂ ಕದಲಲಿಲ್ಲ. ಶೇಖ್ ಪಲ್ಟು ಎಂಬ ಒಬ್ಬ ಸಿಪಾಯಿ ಮಾತ್ರ ಪಾಂಡೆಯನ್ನು ಹಿಡಿದುಕೊಂಡನು. ಪಾಂಡೆಗೆ ಏಪ್ರಿಲ್ 8ರಂದು, ಜಮಾದಾರನಿಗೆ 21ರಂದು ಗಲ್ಲಾಯಿತು. ಪಾಂಡೆಯ ಗುಂಡಿಗಿಂತ ಕಾವಲಿನವರ ಆ ನಿಶ್ಚಲತೆಯೇ ಸರ್ಕಾರವನ್ನು ಹೆಚ್ಚು ಹೆದರಿಸಿತೆಂದು ತೋರುತ್ತದೆ: ಮೇ 6ರಂದು ಬ್ಯಾರಕ್‌ಪುರದಲ್ಲಿದ್ದ 34ನೆಯ ಪಟಾಲಮಿನ ಏಳು ಕಂಪನಿಗಳನ್ನು ವಿಸರ್ಜಿಸಲಾಯಿತು. ಚಿತ್ತಗಾಂಗಿನಲ್ಲಿದ್ದ ಉಳಿದ ಮೂರು ಕಂಪನಿಗಳು ನವೆಂಬರಿನಲ್ಲಿ ದಂಗೆಯೆದ್ದವು.

ಮೇ ತಿಂಗಳಲ್ಲಿ ಮೀರಠ್ ಮತ್ತು ದೆಹಲಿ ಸಿಡಿದೆದ್ದಾಗ, ಯೂರೋಪಿಯನ್ ಪಡೆಗಳನ್ನು ಒಳನಾಡಿಗೆ ಸಾಗಿಸುವ ಹೆಬ್ಬಾಗಿಲಾದದ್ದು ಹೌರಾ. 1854ರಲ್ಲಿ ಅಲ್ಲಿಂದ ಹೂಗ್ಲಿ ಪಟ್ಟಣದವರೆಗೆ ಓಡಲಾರಂಭಿಸಿದ್ದ ರೈಲು 1855ರ ಹೊತ್ತಿಗೆ ರಾಣಿಗಂಜ್ ತಲುಪಿತ್ತು. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿ, ಕುದುರೆ ಗಾಡಿಗಳೇ ಗತಿ. ಮೇ ಕೊನೆಯಲ್ಲಿ ಮದ್ರಾಸಿನಿಂದ ಹಡಗಿನಲ್ಲಿ ಬಂದ ಕರ್ನಲ್ ನೀಲ್, ತನ್ನ ಸೈನಿಕರು ಹತ್ತುವ ಮುನ್ನವೇ ಗಾಡಿ ಬಿಡಲು ಹೊರಟ ರೈಲ್ವೆ ಸಿಬ್ಬಂದಿಯನ್ನು ಹೌರಾ ನಿಲ್ದಾಣದಲ್ಲಿ ಬಂಧನದಲ್ಲಿಟ್ಟು ಗಾಡಿಯನ್ನು ತಡೆದನು. ಹೀಗೆ ಹೊರಟ ಆ ಪಡೆ ಜೂನ್ ಮೊದಲ ವಾರದಲ್ಲಿ ಕಾಶಿಯಲ್ಲಿತ್ತು. ಬಂಡಾಯವನ್ನು ಅಡಗಿಸುವುದರಲ್ಲಿ ಈ ಪುಟ್ಟ ರೈಲುಮಾರ್ಗದ ಪಾತ್ರಕ್ಕೆ ಇತಿಹಾಸದ ಪುಸ್ತಕಗಳಲ್ಲಿ ಇನ್ನೂ ಹೆಚ್ಚಿನ ಸ್ಥಾನ ಸಲ್ಲಬೇಕು.

ಜೂನ್ 14ರ ಭಾನುವಾರ, ಚಿನ್ಸುರಾದಿಂದ ರಾತ್ರೋರಾತ್ರಿ ನಡೆದುಬಂದ 78ನೆಯ ಹೈಲ್ಯಾಂಡರ್ಸ್ ಪಡೆಯೂ ಜೊತೆಗೂಡಿದ ಬಳಿಕ, ಬ್ಯಾರಕ್‌ಪುರದಲ್ಲಿ ಉಳಿದಿದ್ದ ಸಿಪಾಯಿಗಳೆಲ್ಲರ ಆಯುಧಗಳನ್ನು ಕಿತ್ತುಕೊಳ್ಳಲಾಯಿತು. ಒಂದೇ ಮೈದಾನದಲ್ಲಿ ಕವಾಯತು ಮಾಡುತ್ತಿದ್ದ ಆ ಪಟಾಲಂಗಳು ಬಂಡಾಯದಲ್ಲಾಗಲಿ ನಿಷ್ಠೆಯಲ್ಲಾಗಲಿ ಎಂದೂ ಒಟ್ಟಾಗಿ ಹೆಜ್ಜೆಯಿಡಲಿಲ್ಲ. ಪ್ರತಿಯೊಂದೂ ತನ್ನ ಪಾಡಿಗೆ ತಾನು ಯೋಚಿಸಿ, ತನ್ನ ಪಾಡನ್ನು ತಾನೇ ಅನುಭವಿಸಿತು. ನೆರೆಹೊರೆಯ ಪಟಾಲಂಗಳನ್ನು ಒಂದು ಬ್ರಿಗೇಡಾಗಿ ಬೆಸೆಯುವ ಜಂಟಿ ತರಬೇತಿಯಾಗಲಿ ಪರಸ್ಪರ ವಿಶ್ವಾಸವಾಗಲಿ ಅಲ್ಲಿರಲಿಲ್ಲ. 34ನೆಯದು ನಾಮಾವಶೇಷವಾದರೂ, 43 ಮತ್ತು 70ನೆಯವು ದಂಗೆಯ ನಂತರವೂ ಉಳಿದು, 1861ರ ಮರುಸಂಘಟನೆಯಲ್ಲಿ ಬಂಗಾಳ ಸೇನೆಯ 6 ಮತ್ತು 11ನೆಯ ಪಟಾಲಂಗಳೆಂಬ ಹೊಸ ಸಂಖ್ಯೆ ಪಡೆದು, ಮುಂದೆ ಕ್ರಮವಾಗಿ ಜಾಟ್ ಮತ್ತು ರಜಪೂತ್ ರೆಜಿಮೆಂಟುಗಳ ಭಾಗವಾದವು.