ತೊಪ್ಪೂರು ಘಾಟಿಯಲ್ಲಿ ಹೆರಾಲ್ಡ್

ಹೊಸೂರಿನಿಂದ ರಾಯಕೋಟೆ, ಮಾರಂಡಹಳ್ಳಿ ಮೇಲೆ ಪಾಲಕೋಡಿಗೆ ಬರುವ ದಾರಿ ಈಗ ಅಗಲವಾಗಿದೆ. ಟೊಮೆಟೊ ಲಾರಿಗಳ ನಡುವೆ ಹಳೆಯ ಕಾರನ್ನೂ ಹಾಯಾಗಿ ಓಡಿಸಬಹುದು. ಫಜೀತಿ ಇರುವುದು ಮುಂದೆ. ಧರ್ಮಪುರಿ ದಾಟಿ ಸೇಲಂ ಕಡೆ ಹೊರಟರೆ ತೊಪ್ಪೂರು ಘಾಟಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿದು ಬ್ರೇಕ್ ಕಳೆದುಕೊಂಡ ಲಾರಿಗಳ ಕಥೆ ಈ ಸೀಮೆಯ ಡ್ರೈವರುಗಳ ಬಾಯಲ್ಲಿ ಬೇಕಾದಷ್ಟಿದೆ. ಹಳೆಯ ಕಾರಿನ ಅಸಲಿ ಗುಣ ಗೊತ್ತಾಗುವುದೂ ಇಂಥ ಇಳಿಜಾರಿನಲ್ಲೇ.

ನಮ್ಮ ಕಡೆ ಅಪ್ಪಟ ಸ್ಪೋರ್ಟ್ಸ್ ಕಾರು ಕಂಡವರು ಕಡಿಮೆ. ಅದರ ಹತ್ತಿರದ ನೆಂಟನೆಂದರೆ ಸ್ಟ್ಯಾಂಡರ್ಡ್ ಹೆರಾಲ್ಡ್. ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪಿಸಿದ ಈ 948 ಸಿಸಿ ಗಾಡಿ 1961ರಿಂದ ಮದ್ರಾಸಿನಲ್ಲಿ ತಯಾರಾಗುತ್ತಿತ್ತು. ಇದೇ ಚಾಸಿಯನ್ನು ಗಿಡ್ಡ ಮಾಡಿ ಇಂಗ್ಲೆಂಡಿನವರು 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ತೆರೆದ ಕಾರು ಮಾಡಿದರು.

ಹೆರಾಲ್ಡ್‌ನಲ್ಲಿ ಜಾಣತನವೂ ಅಪಾಯವೂ ಒಟ್ಟಿಗೇ ಕೂತಿದ್ದವು. ಅದರ ಸ್ಟೀರಿಂಗ್ ಕೋಲನ್ನು ಉದ್ದ-ಗಿಡ್ಡ ಮಾಡಿಕೊಳ್ಳಬಹುದಿತ್ತು. ಗುದ್ದಿದಾಗ ಅದು ಚಾಲಕನ ಎದೆಗೆ ನಾಟದೆ ಒಳಕ್ಕೆ ಸರಿಯುವಂತಿತ್ತು. ಇಂಗ್ಲೆಂಡಿನಲ್ಲಿ ಈ ಕಾರು ಹೊರಬಂದ 1959ರಲ್ಲೇ ವೋಲ್ವೋದ ನಿಲ್ಸ್ ಬೋಲಿನ್ ಮೂರು ಬಿಂದುಗಳ ಸೀಟ್ ಬೆಲ್ಟ್ ತಂದದ್ದು. ಎರಡೂ ಒಂದೇ ಗಾಡಿಯಲ್ಲಿ ಸೇರಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ!

ಅಪಾಯ ಇದ್ದದ್ದು ಹಿಂದೆ. ಒಂದೊಂದು ಹಿಂಬದಿ ಚಕ್ರದ ಆಕ್ಸಲ್‌ಗೂ ಡಿಫರೆನ್ಶಿಯಲ್ ಬಳಿ ಮಾತ್ರ ಕೀಲು. ತಿರುವಿನಲ್ಲಿ ವೇಗವಾಗಿ ಹೋಗುತ್ತಾ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟಿರೋ, ಹಿಂಭಾಗ ಮೇಲೇಳುತ್ತದೆ, ಹೊರಬದಿಯ ಚಕ್ರ ಒಳಕ್ಕೆ ಮಡಚುತ್ತದೆ, ಟೈರಿನ ಅಂಚಷ್ಟೇ ನೆಲಕ್ಕೆ ತಾಗಿ ಬಾಲ ಪಕ್ಕಕ್ಕೆ ಜಾರುತ್ತದೆ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಒಳಗೆ ಹೊಕ್ಕ ಮೇಲೆ ಕಾಲನ್ನು ಹಗುರವಾಗಿ ಒತ್ತಿಯೇ ಇಡುವುದು ಇದಕ್ಕೆ ಮದ್ದು. ಹೆದರಿದವನ ಕಾಲು ಮಾಡುವುದು ನೇರ ಉಲ್ಟಾ. ಅಮೆರಿಕದಲ್ಲಿ ಇದೇ ಬಗೆಯ ಆಕ್ಸಲ್ ಇದ್ದ ಶೆವರ್ಲೆ ಕೊರ್ವೇರ್ ಮೇಲೆ ರಾಲ್ಫ್ ನೇಡರ್ 1965ರ ತಮ್ಮ ಪುಸ್ತಕದಲ್ಲಿ ಹರಿಹಾಯ್ದರು. ಮದ್ರಾಸಿನವರು 1972ರ ಸ್ಟ್ಯಾಂಡರ್ಡ್ ಗೆಜೆಲ್‌ಗೆ ಗಟ್ಟಿ ಆಕ್ಸಲನ್ನೇ ಹಾಕಿದರು.

ಬ್ರೇಕುಗಳು ಡ್ರಮ್ಮಿನವು. ಘಾಟಿಯುದ್ದಕ್ಕೂ ಒತ್ತಿಹಿಡಿದರೆ ಕಾದು ಹಿಡಿತ ಬಿಡುತ್ತವೆ. ಹಾಗಾಗಿ ಹತ್ತುವ ಗೇರಿನಲ್ಲೇ ಇಳಿಯಬೇಕು. ಲಾರಿಯವರಿಗೆ ಹೇಳುವ ಪಾಠವೇ ಇದು. ಹಳೆಯ ಕಾರಿನ ಶೋಕಿದಾರರೂ ಕಿವಿಗೆ ಹಾಕಿಕೊಳ್ಳಲಿ.

ಇನ್ನು ಒಳಾಂಗಣದ ವಿಚಿತ್ರಗಳು. ಮೊದಮೊದಲ ಸ್ಪಿಟ್‌ಫೈರ್‌ಗಳಲ್ಲಿ ಮೀಟರುಗಳು ಚಾಲಕನ ಎದುರಿಗಿಲ್ಲ, ಡ್ಯಾಶ್‌ಬೋರ್ಡಿನ ನಡುವೆ. ಎಡ-ಬಲ ಎರಡು ಕಡೆಯ ಸ್ಟೀರಿಂಗಿಗೂ ಅದೇ ಫಲಕ ಸಾಕು, ಖರ್ಚು ಉಳಿಯಿತು. ವೇಗ ನೋಡಲು ಮಾತ್ರ ಕಣ್ಣು ರಸ್ತೆ ಬಿಡಬೇಕು. ಜಾಗ್ವಾರ್ ಇ-ಟೈಪ್‌ನಲ್ಲಿ ಸಾಲಾಗಿ ಚಾಚಿಕೊಂಡ ಲೋಹದ ಸ್ವಿಚ್ಚುಗಳಿದ್ದವು. ನೋಡಲು ವಿಮಾನದಂತೆ, ಮುಗ್ಗರಿಸಿದರೆ ಮುಖಕ್ಕೇ. 1968ರ ಅಮೆರಿಕದ ಸುರಕ್ಷತಾ ನಿಯಮಗಳಿಂದಾಗಿ ಅವು ಚಪ್ಪಟೆಯಾದವು. ಮರ್ಸಿಡಿಸ್ 300 ಎಸ್‌ಎಲ್‌ನದು ಇನ್ನೊಂದು ತಮಾಷೆ: ರೆಕ್ಕೆಯಂತೆ ಮೇಲೇಳುವ ಬಾಗಿಲು, ಒಳಗೆ ನುಸುಳಲು ಮಡಚುವ ಸ್ಟೀರಿಂಗ್ ಚಕ್ರ. ಕಾರು ತಲೆಕೆಳಗಾದರೆ ಆ ಬಾಗಿಲು ತೆರೆಯುವುದೆಲ್ಲಿಂದ ಬಂತು?

ಬೆಂಗಳೂರಿನ ಸಿಪಾನಿ ಡಾಲ್ಫಿನ್ ಸಹ ಈ ಕುಲದ್ದೇ. 1982ರ ಸುಮಾರಿಗೆ ಬಂದ, ಇಂಗ್ಲೆಂಡಿನ ರಿಲಯಂಟ್ ಕಿಟನ್ ಆಧರಿಸಿದ ಎರಡು ಬಾಗಿಲಿನ ಫೈಬರ್‌ಗ್ಲಾಸ್ ಕಾರು. 848 ಸಿಸಿ ಅಲ್ಯೂಮಿನಿಯಂ ಎಂಜಿನ್. ಹಗುರವಾದ್ದರಿಂದ ರ‍್ಯಾಲಿಗಳಲ್ಲಿ ಹೆಸರು ಮಾಡಿತು. ನಾಲ್ಕು ಬಾಗಿಲು ಬೇಕೆನ್ನುವ ಸಂಸಾರಸ್ಥರಿಗೆ ಅದು ಒಗ್ಗಲಿಲ್ಲ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲಂತೂ ಕೇಳುವವರೇ ಇಲ್ಲ.

ಇಂಥ ಗಾಡಿ ಕೊಂಡವರು ಮೊದಲು ದುಡ್ಡು ಹಾಕಬೇಕಾದ್ದು ಪೇಂಟಿಗಲ್ಲ, ಟೈರು, ಬ್ರೇಕು, ಬೆಲ್ಟಿಗೆ. ಸ್ವಿಚ್ಚು, ಗುಬುಟುಗಳೆಲ್ಲ ಹಾಗೇ ಇರಲಿ, ಅವೇ ಅದರ ಚೆಲುವು. ಡಾಲ್ಫಿನ್‌ಗೆ ಬೆಲ್ಟ್ ಕೂರಿಸುವಾಗ ಬೋಲ್ಟನ್ನು ಬರೀ ಫೈಬರ್‌ಗೆ ಬಿಗಿಸಿಕೊಂಡು ಬರಬೇಡಿ. ಜಗ್ಗಿದರೆ ಬೋಲ್ಟು ತೂತು ಸಮೇತ ಕಿತ್ತು ಬರುತ್ತದೆ. ಕೆಳಗಿನ ಉಕ್ಕಿನ ಚಾಸಿಗೆ ತಟ್ಟೆ ಕೊಟ್ಟು ಬಿಗಿಸಿ. ಮೇಸ್ತ್ರಿ ಬೇಸರಪಟ್ಟುಕೊಂಡರೂ ಸರಿ, ಕಾರಿನಡಿ ಇಣುಕಿ ನೋಡಿಯೇ ದುಡ್ಡು ಕೊಡಿ.