ಶರದೃತುವೂ ಎಳೆಯ ಮಕ್ಕಳ ಶಾಲೆಯೂ

ಆಶ್ವಯುಜ, ಕಾರ್ತಿಕ ಮಾಸಗಳೆರಡೂ ಸೇರಿ ನಮ್ಮಲ್ಲಿ ಶರದೃತುವೆನಿಸುತ್ತವೆ. ಇಂಗ್ಲಿಷ್ ತಿಂಗಳುಗಳ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಸೆಪ್ಟೆಂಬರಿನ ಕೊನೆಯಿಂದ ನವೆಂಬರಿನ ಕೊನೆಯವರೆಗಿನ ಕಾಲ. ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ಈ ವೇಳೆಗೆ ಶಾಲೆಯ ಅಂಜಿಕೆಯನ್ನು ಕಳೆದುಕೊಂಡಿರುತ್ತದೆ. ಕೆಲವು ಅಕ್ಷರಗಳ ಗುರುತು ಹತ್ತಿರುತ್ತದೆ. ಹತ್ತಿಪ್ಪತ್ತರವರೆಗೆ ಎಣಿಕೆ ಬಂದಿರುತ್ತದೆ. ಅಷ್ಟರಲ್ಲಿ ದಸರೆಯ ರಜೆ ಬರುತ್ತದೆ. ರಜೆ ಕಳೆದು ಬಂದ ಮಕ್ಕಳು ಕಲಿತುದನ್ನೆಲ್ಲ ಮರೆತಿದ್ದಾರೆಂದು ಉಪಾಧ್ಯಾಯರು ಪೇಚಾಡುವುದುಂಟು. ಮರೆಯದಂತೆ ಮಾಡುವ ಉಪಾಯವಾವುದು? ಈ ಋತುವೇ ಆ ಉಪಾಯವನ್ನು ಕೈಯಲ್ಲಿಟ್ಟುಕೊಂಡು ಬರುತ್ತದೆಂಬುದನ್ನು ಸ್ವಲ್ಪ ವಿಚಾರಮಾಡೋಣ.

ಶರತ್ಕಾಲಕ್ಕೂ ವಿದ್ಯಾಭ್ಯಾಸಕ್ಕೂ ನಮ್ಮ ನಾಡಿನಲ್ಲಿರುವ ನಂಟು ಹೊಸದಲ್ಲ. ವಿಜಯದಶಮಿಯಂದು ತಟ್ಟೆಯಲ್ಲಿ ಅಕ್ಕಿಯನ್ನು ಹರಡಿ, ಮಗುವಿನ ಬೆರಳನ್ನು ಹಿಡಿದು ಮೊದಲ ಅಕ್ಷರವನ್ನು ಬರೆಯಿಸುವ ಪದ್ಧತಿ ಅನೇಕ ಮನೆಗಳಲ್ಲಿ ಈಗಲೂ ಉಂಟು. ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದಿ, ಆಮೇಲೆ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಇದ್ದಲಿನ ಪುಡಿಯನ್ನೂ ಹುಣಸೆಬೀಜದ ಸರಿಯನ್ನೂ ಬಳಿದು ಕಪ್ಪಾಗಿಸಿ ಮಡಿಸಿಟ್ಟ ಬಟ್ಟೆಯೇ ಕಡತ. ನವರಾತ್ರಿಯಲ್ಲಿ ಮಠದ ಅಯ್ಯಗಳು ಹುಡುಗರನ್ನು ಕರೆದುಕೊಂಡು ಮನೆಮನೆಗೂ ಹೋಗಿ ಮಹಾನವಮಿಯ ಚೌಪದಗಳನ್ನು ಹಾಡಿಸುತ್ತಿದ್ದರು. ಮನೆಯವರು ಕೊಟ್ಟ ದುಡ್ಡುಕಾಸು ಅಯ್ಯಗಳ ಸಂಭಾವನೆಗೆ ಒದಗುತ್ತಿತ್ತು. ಹುಡುಗರಿಗೆ ಕಂಠಪಾಠ, ಸ್ವರಶುದ್ಧಿ, ನಾಲ್ಕು ಜನರೆದುರು ನಿಲ್ಲುವ ಧೈರ್ಯ ಇವು ಬರುತ್ತಿದ್ದುವು. ಆದರೆ ಆ ಮಠಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಹೆಣ್ಣುಮಕ್ಕಳೂ ಬಡ ಜಾತಿಗಳ ಮಕ್ಕಳೂ ಬಹುಮಟ್ಟಿಗೆ ಹೊರಗೇ ಉಳಿದರು. ಆದುದರಿಂದ ಆ ಸಂಪ್ರದಾಯದಿಂದ ನಾವು ತೆಗೆದುಕೊಳ್ಳಬೇಕಾದುದು ಒಂದು ತತ್ತ್ವವನ್ನು ಮಾತ್ರ: ಈ ಋತುವಿನಲ್ಲಿ ಪಾಠವು ಗೋಡೆಗಳಾಚೆಗೆ, ಊರಿನೊಳಕ್ಕೆ ಹೋಗಬೇಕು, ಆದರೆ ಎಲ್ಲ ಮಕ್ಕಳ ಜೊತೆಯಲ್ಲಿ ಹೋಗಬೇಕು.

ಮೊದಲು ಗೊಂಬೆಗಳನ್ನು ನೋಡೋಣ. ಹಳೆಯ ಮೈಸೂರಿನ ಕಡೆ ನವರಾತ್ರಿಯಲ್ಲಿ ಮೂರು, ಐದು, ಏಳು, ಒಂಬತ್ತು ಹೀಗೆ ಬೆಸಸಂಖ್ಯೆಯ ಮೆಟ್ಟಿಲುಗಳನ್ನು ಕಟ್ಟಿ, ಮೇಲೆ ಪಟ್ಟದ ಗೊಂಬೆಗಳನ್ನೂ ಕೆಳಗೆ ಉಳಿದುವನ್ನೂ ಕೂರಿಸುತ್ತಾರೆ. ಮಗುವಿಗೆ ಬೆಸ, ಸರಿಗಳ ಭೇದವನ್ನು ತೋರಿಸಲು ಇದಕ್ಕಿಂತ ಸುಲಭವಾದ ಸಾಧನ ಬೇಕೆ? ಕೆಳಗಿನ ಮೆಟ್ಟಿಲಿನಲ್ಲಿ ಶೆಟ್ಟಿ, ಶೆಟ್ಟಿತಿಯರು ಅಂಗಡಿಯನ್ನಿಟ್ಟುಕೊಂಡು ಕುಳಿತಿರುತ್ತಾರೆ. ತರಗತಿಯ ಒಂದು ಮೂಲೆಯಲ್ಲಿ ಅಂಥ ಅಂಗಡಿಯನ್ನೇ ತೆರೆದು, ಚಿಕ್ಕ ತಕ್ಕಡಿಯೊಂದನ್ನೂ ರಾಗಿ, ಕಡಲೆ, ಹೆಸರುಕಾಳುಗಳನ್ನೂ ಇಟ್ಟರೆ ಕೊಡುವುದು, ಕೊಳ್ಳುವುದು, ತೂಗುವುದು, ಚಿಲ್ಲರೆ ಎಣಿಸುವುದು ಎಲ್ಲವೂ ಆಟದಲ್ಲಿಯೇ ಬರುತ್ತವೆ. ಗೊಂಬೆಯ ಹುಟ್ಟನ್ನೂ ಹೇಳಬಹುದು. ಚನ್ನಪಟ್ಟಣದವರು ಹಾಲೆಯ ಮರದ ತುಂಡನ್ನು ತಿರುಗಿಸುತ್ತ ಉಳಿಯಿಂದ ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೇ ಬಣ್ಣದ ಅರಗನ್ನು ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಅಂಗೈಗಳನ್ನು ಬಿರುಸಾಗಿ ಉಜ್ಜಿಕೊಂಡು ನೋಡೆಂದರೆ ಆ ಬಿಸಿ ಎಲ್ಲಿಂದ ಬಂದಿತೆಂಬುದು ಐದು ವರ್ಷದ ಮಗುವಿಗೂ ತಿಳಿಯುತ್ತದೆ.

ಎರಡನೆಯದು ನೆರಳಿನ ಪಾಠ. ಸೆಪ್ಟೆಂಬರ್ 23ರ ಸುಮಾರಿಗೆ ಹಗಲೂ ಇರುಳೂ ಸಮನಾಗುತ್ತವೆ; ಸೂರ್ಯನು ನೇರವಾಗಿ ಪೂರ್ವದಲ್ಲಿ ಹುಟ್ಟುತ್ತಾನೆ. ಆಟದ ಬಯಲಿನಲ್ಲಿ ನೆಲದಿಂದ ಒಂದು ಮೀಟರು ಎತ್ತರ ನಿಲ್ಲುವಂತೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ನೆರಳು ಅತ್ಯಂತ ಗಿಡ್ಡವಾಗುವ ಹೊತ್ತನ್ನು ಮಕ್ಕಳು ಕಾಯಲಿ. ಮೈಸೂರಿನಲ್ಲಿ ಇದು ಗಡಿಯಾರದ ಹನ್ನೆರಡಕ್ಕೆ ಸರಿಯಾಗಿ ಬರುವುದಿಲ್ಲ. ನಮ್ಮ ಗಡಿಯಾರಗಳು ಮೈಸೂರಿಗಿಂತ ಪೂರ್ವಕ್ಕಿರುವ ರೇಖೆಯೊಂದರ ಕಾಲವನ್ನು ತೋರಿಸುವುದರಿಂದ 12 ಗಂಟೆ 15 ನಿಮಿಷದ ಸುಮಾರಿಗೆ ಬರುತ್ತದೆ. ಆಗ ನೆರಳು ಉತ್ತರಕ್ಕೆ ಬಿದ್ದು ಸುಮಾರು 22 ಸೆಂಟಿಮೀಟರು ಇರುತ್ತದೆ. ನವೆಂಬರ್ 1ರ ಹೊತ್ತಿಗೆ ಅದು ಸುಮಾರು 50, ಡಿಸೆಂಬರ್ 22ರ ಹೊತ್ತಿಗೆ ಸುಮಾರು 72 ಸೆಂಟಿಮೀಟರಿಗೆ ಬೆಳೆಯುತ್ತದೆ. ಎಳೆಯ ಮಕ್ಕಳಿಗೆ ಸೆಂಟಿಮೀಟರಿನ ಗೊಡವೆ ಬೇಡ. ನೆರಳಿನುದ್ದಕ್ಕೆ ದಾರವನ್ನು ಕತ್ತರಿಸಿ, ತಾರೀಖು ಬರೆದು, ವಾರಕ್ಕೊಂದರಂತೆ ಗೋಡೆಗೆ ಅಂಟಿಸಿದರೆ ಸಾಕು. ಸೂರ್ಯನು ದಕ್ಷಿಣಕ್ಕೆ ಸರಿಯುತ್ತಿರುವುದನ್ನು ಆ ದಾರಗಳೇ ಹೇಳುತ್ತವೆ. ರಜೆಯಲ್ಲಿ ಇದೇ ಕೆಲಸವನ್ನು ಮನೆಯಂಗಳದಲ್ಲಿ ಮುಂದುವರಿಸಬಹುದು; ಪುಸ್ತಕ ಬೇಡ, ಖರ್ಚಿಲ್ಲ. ರಜೆಯ ದಾರಗಳನ್ನು ಜೇಬಿನಲ್ಲಿಟ್ಟುಕೊಂಡು ಬರುವ ಮಗು ಪಾಠವನ್ನು ಮರೆತು ಬರುವುದಿಲ್ಲ. ಆದರೆ ಸೂರ್ಯನನ್ನೇ ದಿಟ್ಟಿಸಿ ನೋಡಬಾರದೆಂದು ಮೊದಲೇ ಎಚ್ಚರಿಸತಕ್ಕದ್ದು.

ಮೂರನೆಯದು ಹೊಲದ ಪಾಠ. ಈ ಕಾಲದಲ್ಲಿ ರಾಗಿ ತೆನೆಗಟ್ಟುತ್ತದೆ. ಮಲೆನಾಡಿನ ಗದ್ದೆಗಳಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಆಶ್ವಯುಜದ ಹುಣ್ಣಿಮೆಯಂದು ಮಲೆನಾಡಿನವರು ಭೂಮಿಯನ್ನು ಬಸುರಿಯೆಂದು ಭಾವಿಸಿ ಬಯಕೆಯೂಟವನ್ನಿಕ್ಕುತ್ತಾರೆ. ಇದು ಭೂಮಿ ಹುಣ್ಣಿಮೆ. ಬಯಲುಸೀಮೆಯ ಉತ್ತರ ಭಾಗದವರು ಅದೇ ಹುಣ್ಣಿಮೆಯನ್ನು ಶೀಗೆ ಹುಣ್ಣಿಮೆಯೆಂದು ಕರೆದು ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಹೊಡೆಯೊಂದನ್ನು ಮೆಲ್ಲನೆ ಬಿಡಿಸಿ ಒಳಗಿನ ಎಳೆಯ ತೆನೆಯನ್ನು ತೋರಿಸಿದರೆ ಹಿರಿಯರು ಭೂಮಿಯನ್ನು ಬಸುರಿಯೆಂದುದೇಕೆಂಬುದು ಮಗುವಿಗೆ ತಾನಾಗಿ ಹೊಳೆಯುತ್ತದೆ. ಬೀಜಗಳ ಪ್ರಯಾಣವನ್ನೂ ಇಲ್ಲಿಯೇ ಕಾಣಬಹುದು: ಉತ್ತರಾಣಿಯ ಬೀಜ ಬಟ್ಟೆಗೆ ಅಂಟಿಕೊಂಡು ಬರುತ್ತದೆ, ಕರ್ಣಕುಂಡಲದ ಬಲಿತ ಕಾಯನ್ನು ಮುಟ್ಟಿದೊಡನೆ ಸಿಡಿದು ಬೀಜವನ್ನು ಎರಚುತ್ತದೆ. ಹುಣಸೆಬೀಜಗಳನ್ನು ಹತ್ತುಹತ್ತರ ಗುಂಪುಮಾಡಿ ಎಣಿಸುವುದು ಒಳ್ಳೆಯ ಗಣಿತ. ಗುಲಗಂಜಿ, ಹರಳು, ದತ್ತೂರಿಗಳ ಬೀಜವನ್ನು ಮಾತ್ರ ಮಕ್ಕಳ ಕೈಗೆ ಕೊಡಕೂಡದು. ಅವು ವಿಷ, ಎಳೆಯ ಮಕ್ಕಳು ಕೈಗೆ ಸಿಕ್ಕಿದುದನ್ನು ಬಾಯಿಗೆ ಹಾಕುವವರು.

ಈ ತಿಂಗಳುಗಳಲ್ಲಿ ಶಾಲೆಗೆ ಮತ್ತೆ ಮೂರು ಹಬ್ಬಗಳುಂಟು. ಅಕ್ಟೋಬರ್ 2, ಗಾಂಧೀಜಿಯವರು 1869ರಲ್ಲಿ ಹುಟ್ಟಿದ ದಿನ. ನವೆಂಬರ್ 1, ಕನ್ನಡ ಪ್ರದೇಶಗಳು 1956ರಲ್ಲಿ ಒಂದು ರಾಜ್ಯವಾಗಿ ಕೂಡಿದ ದಿನ. 1973ರಲ್ಲಿ ಅದೇ ದಿನ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ನವೆಂಬರ್ 14, ನೆಹರೂ ಅವರು 1889ರಲ್ಲಿ ಹುಟ್ಟಿದ ದಿನ, ಈಗ ಮಕ್ಕಳ ದಿನ. ಇವುಗಳಲ್ಲಿ ಬಾಯಿಪಾಠದ ಭಾಷಣಕ್ಕಿಂತ ಕೈಕೆಲಸ ಮೇಲು. ಮೊದಲನೆಯ ದಿನ ಕಸವನ್ನು ವಿಂಗಡಿಸಲಿ. ಎರಡನೆಯ ದಿನ ತಮ್ಮ ಬೀದಿ, ಊರು, ಆಮೇಲೆ ನಾಡು ಎಂಬ ಕ್ರಮದಲ್ಲಿ ಕಾಳುಗಳಿಂದ ಭೂಪಟವನ್ನು ಬಿಡಿಸಲಿ. ಮೂರನೆಯ ದಿನ ಆಟಗಳನ್ನು ತಾವೇ ಆರಿಸಿಕೊಳ್ಳಲಿ.

ಆಡುತ್ತ ಕಲಿಯುವುದು ಬರಿಯ ಆದರ್ಶವೆಂದು ಯಾರೂ ತಿಳಿಯಬೇಕಾಗಿಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಸರ್ಕಾರಿ ಶಾಲೆಗಳ ಉಪಾಧ್ಯಾಯರೇ ಮುಂದಾಗಿ ತೊಡಗಿದ ‘ನಲಿ ಕಲಿ’ ಪದ್ಧತಿ ಮುಂದೆ ರಾಜ್ಯದ ಕನ್ನಡ ಪ್ರಾಥಮಿಕ ಶಾಲೆಗಳಿಗೆ ಹರಡಿತು. ಪ್ರತಿಯೊಂದು ಮಗುವೂ ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಮುಂದುವರಿಯುವುದು ಅದರ ಕ್ರಮ.

ಇನ್ನು ಎಚ್ಚರಿಕೆಯ ಮಾತು. ಉತ್ಸವದ ಹೆಸರಿನಲ್ಲಿ ಹೊಸ ಉಡುಪು, ಬೆಲೆಯ ಗೊಂಬೆ, ಬಹುಮಾನಗಳ ಪೈಪೋಟಿ ಬಂದರೆ ಬಡವರ ಮಗು ಹಿಂದೆ ಸರಿಯುತ್ತದೆ. ಮಣ್ಣು, ಕಾಳು, ಎಲೆ, ದಾರ ಇವು ಎಲ್ಲರಿಗೂ ಸಿಕ್ಕುವುವು. ತರಗತಿಯಲ್ಲಿ ಹಲವು ಮತಗಳ, ಹಲವು ಮನೆಮಾತುಗಳ ಮಕ್ಕಳಿರುತ್ತಾರೆ. ನಿಮ್ಮ ಮನೆಯಲ್ಲಿ ಯಾವ ಹಬ್ಬ, ಏನು ಅಡಿಗೆ, ಅದಕ್ಕೆ ನಿಮ್ಮ ಮಾತಿನಲ್ಲಿ ಏನೆನ್ನುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳಿದರೆ, ಬಾಯಿ ಬಿಡದ ಮಗುವೂ ಮಾತನಾಡುತ್ತದೆ.

ಎಲ್ಲಕ್ಕಿಂತ ದೊಡ್ಡ ಸಂಗತಿಯೊಂದುಂಟು. ಇದೇ ಋತುವಿನಲ್ಲಿ ಕಬ್ಬು ಅರೆಯುವ ಕಾಲವು ಆರಂಭವಾಗುತ್ತದೆ. ಉತ್ತರ ಕರ್ನಾಟಕದ ಬರದ ಊರುಗಳಿಂದ ಕಬ್ಬು ಕಡಿಯುವ ಕೂಲಿಗಾಗಿ ಸಂಸಾರಗಳು ಹೊರಡುತ್ತವೆ, ಮಕ್ಕಳೂ ಹೊರಡುತ್ತಾರೆ. ರಜೆಯ ನಂತರ ಹಾಜರಿಯ ಪುಸ್ತಕದಲ್ಲಿ ಕೆಲವು ಹೆಸರುಗಳಿಗೆ ಉತ್ತರ ಬರುವುದಿಲ್ಲ. ಅಕ್ಷರ ಹತ್ತುವ ಹೊತ್ತಿಗೆ ಶಾಲೆ ತಪ್ಪಿದ ಮಗು ಮರುವರುಷ ಮತ್ತೆ ಮೊದಲಿನಿಂದ ಆರಂಭಿಸಬೇಕು, ಇಲ್ಲವೆ ಬರುವುದೇ ಇಲ್ಲ. ಹಬ್ಬದ ಆಟಪಾಠಗಳಿಂದಲೇ ಬಡತನ ನೀಗುವುದೆಂದು ನಾವು ಹೇಳುವುದಿಲ್ಲ. ಆದರೆ ಶಾಲೆಯ ಗೋಡೆಯ ಮೇಲೆ ತನ್ನ ದಾರವಿದೆ, ಅಂಗಳದಲ್ಲಿ ತಾನು ನೆಟ್ಟ ಅವರೆಯ ಬಳ್ಳಿಯಿದೆ ಎಂದು ಬಲ್ಲ ಮಗು ಅಜ್ಜಿಯ ಬಳಿಯಾದರೂ ಉಳಿಯುತ್ತೇನೆಂದು ಹಟ ಹಿಡಿಯಬಹುದು; ತಾಯಿತಂದೆಗಳು ಒಮ್ಮೆ ಯೋಚಿಸಬಹುದು. ರಜೆಗೆ ಮುನ್ನವೇ ಉಪಾಧ್ಯಾಯರು ಅಂಥ ಮನೆಗಳಿಗೆ ಹೋಗಿ ನಾಲ್ಕು ಮಾತನಾಡಿ ಬಂದರೆ ಬೇರೆಲ್ಲ ಉತ್ಸವಗಳಿಗಿಂತ ಅದು ಹೆಚ್ಚಿನ ಕೆಲಸ. ಹಿಂದೆ ಅಯ್ಯಗಳು ಸಂಭಾವನೆಗಾಗಿ ಮನೆಮನೆಗೆ ಹೋದರು. ಇಂದು ನಾವು ಮಕ್ಕಳಿಗಾಗಿ ಹೋಗೋಣ.