ಕೊಟ್ಟಿಗೆಯಿಂದ ಬಂಡೆಯವರೆಗೆ

ಕರಾವಳಿಯ ಮಕ್ಕಳಿಗೆ ಒಂದು ಸೌಭಾಗ್ಯವಿದೆ. ಕಡಲು ಇಳಿದಾಗ ಬಂಡೆಯ ಗುಳಿಗಳಲ್ಲಿ ನಿಂತ ನೀರಿನಲ್ಲಿ ಏಡಿ, ಶಂಖ, ಪುಟ್ಟ ಮೀನುಗಳನ್ನು ಅವರು ಕುಳಿತಲ್ಲಿಯೇ ಕಾಣಬಲ್ಲರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯವರಾದ ನಮಗೆ ಕಡಲು ದೂರ. ಆದರೆ ಮಳೆಗಾಲದಲ್ಲಿ ನಮ್ಮ ಬಂಡೆಗಳ ದೊಣೆಗಳಲ್ಲಿಯೂ ಅಂಥದೇ ಒಂದು ಲೋಕ ಕಣ್ತೆರೆಯುತ್ತದೆ. ಅದನ್ನು ಮಕ್ಕಳಿಗೆ ತೋರಿಸಲೆಂದು ನಾವು ಕೆಲವು ಕುಟುಂಬಗಳವರು ಒಂದು ಭಾನುವಾರ, ಬೆಳಗಿನ ಬಲಿಪೂಜೆ ಮುಗಿಸಿ, ಬುತ್ತಿ ಕಟ್ಟಿಕೊಂಡು ರಾಮನಗರದ ಸಮೀಪದ ರಾಮದೇವರ ಬೆಟ್ಟಕ್ಕೆ ಹೊರಟೆವು.

ಈ ಬೆಟ್ಟವನ್ನು ಅನೇಕರು ಬಲ್ಲದ್ದು 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರದಿಂದ. ಆದರೆ ಬಂಡೆಯ ಚರಿತ್ರೆ ಅದಕ್ಕಿಂತ ಬಹಳ ಹಿಂದಿನದು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಅವರ ನೆನಪಿಗೆ ರಾಮನಗರವನ್ನು ಹಿಂದೆ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಇಲ್ಲಿನ ಶಿಲೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ.

ಮೆಟ್ಟಿಲೇರುವಾಗ ಗದ್ದಲವೆಬ್ಬಿಸಿದ್ದ ಮಕ್ಕಳು ಮೊದಲ ದೊಣೆಯ ಬಳಿ ತಾವಾಗಿಯೇ ಸುಮ್ಮನಾದರು. ಅಂಗೈಯಷ್ಟು ಆಳದ ನೀರಿನಲ್ಲಿ ಗೊದಮೊಟ್ಟೆಗಳು ಬಾಲವಾಡಿಸುತ್ತಿದ್ದವು. ನೀರಿನ ಮೇಲೆ ಜಾರುವ ಕೀಟಗಳಿದ್ದವು. ಒಂದು ಏರೋಪ್ಲೇನ್ ಚಿಟ್ಟೆ ಬಂದು ಕುಳಿತು ಹಾರಿತು. ಬಿಸಿಲು ಬಲಿತರೆ ಈ ನೀರು ಆರಿಹೋಗುತ್ತದೆ. ಅಷ್ಟರೊಳಗೆ ಗೊದಮೊಟ್ಟೆ ಕಪ್ಪೆಯಾಗಿ ನೆಗೆಯಬೇಕು. ಇಂಥ ನೀರಿಗೆ ಒಂದು ಚೂರು ಸೋಪು ಬಿದ್ದರೂ ಆ ಲೋಕಕ್ಕೆ ಅಪಾಯವೆಂದು ಹಿರಿಯರೊಬ್ಬರು ಹೇಳಿದಾಗ, ಕೈತೊಳೆಯಲು ಬಗ್ಗಿದ್ದ ಹುಡುಗ ಹಿಂದೆ ಸರಿದನು.

ತಲೆಯೆತ್ತಿದಾಗ ಎದುರಿನ ಕಡಿದಾದ ಬಂಡೆಯ ಮೇಲೆ ಸುಣ್ಣ ಸುರಿದಂತೆ ಬಿಳಿಯ ಗೆರೆಗಳು ಕಂಡವು. ಅವು ರಣಹದ್ದುಗಳ ಹಿಕ್ಕೆಯ ಗುರುತು. ಉದ್ದ ಕೊಕ್ಕಿನ ರಣಹದ್ದು ಮನುಷ್ಯನಿಗೆ ಎಟುಕದ ಇಂಥ ಬಂಡೆಯ ಅಂಚುಗಳಲ್ಲಿ ಗೂಡು ಕಟ್ಟುತ್ತದೆ. ಅದು ಇಡುವುದು ವರ್ಷಕ್ಕೆ ಒಂದೇ ಮೊಟ್ಟೆ. ಗದ್ದಲಕ್ಕೆ ಬೆದರಿ ತಾಯಿಹಕ್ಕಿ ಗೂಡು ಬಿಟ್ಟರೆ ಆ ವರ್ಷದ ಸಂತಾನವೇ ಹೋದಂತೆ. ಈ ಕಾರಣದಿಂದಲೇ 2012ರಲ್ಲಿ ಸರ್ಕಾರವು ಇಲ್ಲಿನ 346 ಹೆಕ್ಟೇರಿನಷ್ಟು ಪ್ರದೇಶವನ್ನು ರಣಹದ್ದುಗಳ ವನ್ಯಧಾಮವೆಂದು ಘೋಷಿಸಿತು.

ಬಹಳ ಹೊತ್ತು ಕಾದೆವು. ಕೊನೆಗೆ ಒಂದೇ ಒಂದು ಹಕ್ಕಿ ಆರು ಅಡಿಗೂ ಮೀರಿದ ರೆಕ್ಕೆಗಳನ್ನು ಬಿಚ್ಚಿ, ಒಮ್ಮೆಯೂ ಬಡಿಯದೆ, ಕಣಿವೆಯ ಮೇಲೆ ಒಂದು ಸುತ್ತು ಹಾಕಿ ಮರೆಯಾಯಿತು. "ಉಳಿದವು ಎಲ್ಲಿ?" ಎಂದು ಬಾಲಕಿಯೊಬ್ಬಳು ಕೇಳಿದಳು.

ಉತ್ತರ ನಮ್ಮ ಕೊಟ್ಟಿಗೆಗಳಲ್ಲಿಯೇ ಇತ್ತು. ಜ್ವರವೋ ಬಾವೋ ಬಂದ ಹಸುವಿಗೆ ಡೈಕ್ಲೊಫೆನಾಕ್ ಎಂಬ ನೋವುನಿವಾರಕ ಚುಚ್ಚುಮದ್ದನ್ನು ಕೊಡುವ ರೂಢಿ ದೇಶದಾದ್ಯಂತ ಹಬ್ಬಿತ್ತು. ಆ ಹಸು ಸತ್ತರೆ ಅದರ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡಗಳು ಕೆಟ್ಟು, ಕೆಲವೇ ದಿನಗಳಲ್ಲಿ ಅದೂ ಸಾಯುತ್ತಿತ್ತು. ಹೀಗೆ 1990ರ ದಶಕದಿಂದ ಹದಿನೈದು ವರ್ಷಗಳೊಳಗೆ ಭಾರತದ ಉದ್ದ ಕೊಕ್ಕಿನ ರಣಹದ್ದುಗಳಲ್ಲಿ ಶೇಕಡ 95ಕ್ಕೂ ಹೆಚ್ಚು ಇಲ್ಲವಾದವು. ಕಾರಣ ಬೆಳಕಿಗೆ ಬಂದದ್ದು 2004ರಲ್ಲಿ. ಪಶುಗಳಿಗೆ ಈ ಮದ್ದಿನ ಬಳಕೆಯನ್ನು ಭಾರತ ನಿಷೇಧಿಸಿದ್ದು 2006ರಲ್ಲಿ. ಅಂಥದೇ ಹಾನಿಕರ ಗುಣವುಳ್ಳ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್‌ಗಳಿಗೆ 2023ರಲ್ಲಿ ನಿಷೇಧ ಬಂದಿತು.

ಇದನ್ನು ವಿವರಿಸುತ್ತಿದ್ದಾಗ ನಮ್ಮಲ್ಲಿ ಹಸು ಸಾಕಿದ್ದವರು ಮೌನವಾದರು. ಹಕ್ಕಿಗೆ ಕೇಡು ಬಯಸಿ ಯಾರೂ ಮದ್ದು ಕೊಡಿಸಿರಲಿಲ್ಲ. ಮೂಕಪ್ರಾಣಿಯ ನೋವು ನೋಡಲಾರದೆ ಕೊಡಿಸಿದ್ದರು. ಕರುಣೆಯಿಂದ ಮಾಡಿದ ಕಾರ್ಯವೂ ಅರಿವಿಲ್ಲದಿದ್ದರೆ ಎಷ್ಟು ದೂರದವರೆಗೆ ನೋವುಂಟುಮಾಡಬಲ್ಲದು ಎಂಬುದನ್ನು ಆ ಬರಿದಾದ ಬಂಡೆ ನಮಗೆ ಕಲಿಸಿತು.

ಹೆಣ ತಿನ್ನುವ ಹಕ್ಕಿಯೆಂದು ನಾವು ಇದನ್ನು ಹೀನಾಯವಾಗಿ ಕಾಣುವುದುಂಟು. ಆದರೆ ಕೊಳೆತು ರೋಗ ಹರಡಬಹುದಾದುದನ್ನು ತಿಂದು ನೆಲವನ್ನು ಶುಚಿಗೊಳಿಸುವ ಸೇವೆ ಅದರದು. ಹಳೆಯ ಒಡಂಬಡಿಕೆಯ ಹೀಬ್ರೂ ಮೂಲದಲ್ಲಿ 'ನೆಶೆರ್' ಎಂಬ ಪಕ್ಷಿಯ ಹೆಸರು ಬರುತ್ತದೆ. ಅನುವಾದಗಳಲ್ಲಿ ಅದು ಗರುಡವೋ ಹದ್ದೋ ಆಗಿದ್ದರೂ, ರಣಹದ್ದಿನ ಜಾತಿಯ ಹಕ್ಕಿಯೇ ಇರಬೇಕೆಂದು ಅನೇಕ ವಿದ್ವಾಂಸರ ಮತ. ಪ್ರವಾದಿ ಮೀಕನು ಅದರ ಬೋಳು ತಲೆಯನ್ನು ಪ್ರಸ್ತಾಪಿಸಿರುವುದು ಅದಕ್ಕೊಂದು ಆಧಾರ. ದೇವರು ತನ್ನ ಜನರನ್ನು ರೆಕ್ಕೆಗಳ ಮೇಲೆ ಹೊತ್ತು ತಂದುದಕ್ಕೆ ಹೋಲಿಕೆಯಾಗಿ ಬರುವ ಪಕ್ಷಿಯೂ ಇದೇ ನೆಶೆರ್ ಎಂಬುದನ್ನು ನೆನೆದಾಗ ನಮ್ಮ ತಾತ್ಸಾರಕ್ಕೆ ನಾವೇ ನಾಚಿದೆವು.

ಹಾಗಾದರೆ ನಾವು ಮಾಡಬಹುದಾದದ್ದೇನು? ಹಸುವಿಗೆ ಜ್ವರ ಬಂದಾಗ ರಣಹದ್ದುಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕಮ್ ಸಾಕಾಗುವುದೇ ಎಂದು ಪಶುವೈದ್ಯರನ್ನು ಕೇಳೋಣ. ಚಿರತೆಯ ಅಥವಾ ನಾಯಿಗಳ ಮೇಲಿನ ಸಿಟ್ಟಿಗೆ ಸತ್ತ ದನಕ್ಕೆ ವಿಷ ಸವರುವ ಕೆಲಸ ನಮ್ಮ ಊರುಗಳಲ್ಲಿ ನಡೆಯದಂತೆ ನೋಡಿಕೊಳ್ಳೋಣ. ಬೆಟ್ಟಕ್ಕೆ ಹೋದಾಗ ಅರಣ್ಯ ಇಲಾಖೆ ನಿರ್ಬಂಧಿಸಿರುವ ಕಡೆ ಕಾಲಿಡದಿರೋಣ. ತಂದ ಪ್ಲಾಸ್ಟಿಕ್ಕನ್ನು ಮನೆಗೇ ಒಯ್ಯೋಣ. ದೇವಾಲಯದಲ್ಲಿ ತಗ್ಗಿಸುವ ದನಿಯನ್ನು ಅಲ್ಲಿಯೂ ತಗ್ಗಿಸೋಣ.

ಸಂಜೆ ಇಳಿದು ಬರುವಾಗ ಆ ಬಾಲಕಿ ಮತ್ತೊಮ್ಮೆ ತಿರುಗಿ ನೋಡಿದಳು. ಆಕಾಶದಲ್ಲಿ ಏನೂ ಇರಲಿಲ್ಲ. "ಮುಂದಿನ ವರ್ಷ ಎರಡು ಇರುತ್ತವೆಯೇ?" ಎಂದಳು. ಆ ಪ್ರಶ್ನೆಯನ್ನು ನಾವು ಮನೆಗೆ ಹೊತ್ತು ತಂದಿದ್ದೇವೆ.